ಕೆಂಪಿಗೆ ಒಂದು ಗಂಟು, ಹಸಿರಿಗೆ ಎರಡು

ನಮ್ಮ ಭಾವ ವೈರಿಂಗ್ ಕೆಲಸದವರು. ಅಕ್ಕನನ್ನು ಮದುವೆಯಾದ ಹೊಸದರಲ್ಲೇ ಮನೆಯವರಿಗೆಲ್ಲ ಒಂದು ಸಂಗತಿ ಗೊತ್ತಾಯಿತು. ಅವರಿಗೆ ಕೆಂಪೂ ಹಸಿರೂ ಒಂದೇ ಥರ, ಎರಡೂ ಒದ್ದೆ ಮಣ್ಣಿನ ಬಣ್ಣ. ಕರೆಂಟ್ ಹರಿಯುವ ವೈರು ಕೆಂಪು, ಶಾಕ್ ಹೊಡೆಯದಂತೆ ಕಾಯುವ ಅರ್ತ್ ವೈರು ಹಸಿರು. ಇಂಥ ಕಣ್ಣಿಟ್ಟುಕೊಂಡು ಈ ಕಸುಬೇ ಬೇಕಿತ್ತಾ ಅಂತ ನಾನೇ ಕೇಳಿದ್ದೇನೆ.

ಅಕ್ಕ ದಾರಿ ಹುಡುಕಿದಳು. ಬೆಳಗ್ಗೆ ಅಡುಗೆಮನೆ ನೆಲದ ಮೇಲೆ ಕೂತು ವೈರು ಕತ್ತರಿಸಿ, ಎರಡೂ ತುದಿಗೆ ದಾರ ಕಟ್ಟುತ್ತಿದ್ದಳು. ಕೆಂಪಿಗೆ ಒಂದು ಗಂಟು, ಹಸಿರಿಗೆ ಎರಡು. ಭಾವ ಬೆರಳಲ್ಲಿ ಸವರಿಯೇ ಕೆಲಸ ಮುಗಿಸುತ್ತಿದ್ದರು. ವೈರಿಂಗ್ ಮಾಡಿಸುವವರು ಗಂಟು ಯಾಕೆಂದು ಕೇಳಿದರೆ "ಇದು ನಮ್ಮ ಪದ್ಧತಿ" ಅಂತ ಮೀಸೆ ತೀಡುತ್ತಿದ್ದರು. ಗಂಟು ಹಾಕಿದವಳ ಸುದ್ದಿ ಮಾತ್ರ ಅವರ ಬಾಯಲ್ಲಿ ಬರುತ್ತಿರಲಿಲ್ಲ. ನನಗೆ ಮೈಯೆಲ್ಲ ಉರಿಯುತ್ತಿತ್ತು. "ಹೋಗ್ಲಿ ಬಿಡೇ" ಅನ್ನುತ್ತಿದ್ದಳು ಅಕ್ಕ.

ಹೀಗಿರುವಾಗ, ಪರ್ಮಿಟ್ ಇಲ್ಲದವರು ವೈರಿಂಗ್ ಮಾಡಿದ ಮನೆಗೆ ಮೀಟರ್ ಕೊಡುವುದಿಲ್ಲ ಎಂದು ವಿದ್ಯುತ್ ಕಚೇರಿ ಪಟ್ಟು ಹಿಡಿಯಿತು. ಭಾವ ಅರ್ಜಿ ಹಾಕಿದರು. ಕೇಳಿದ ಪ್ರಶ್ನೆಗೆಲ್ಲ ಪಟಪಟ ಉತ್ತರ ಕೊಟ್ಟರು. ಉಳಿದದ್ದು ಕಣ್ಣಿನ ಪರೀಕ್ಷೆ. ಬಣ್ಣದ ಚುಕ್ಕಿಗಳ ನಡುವೆ ಅಡಗಿರುವ ಅಂಕಿ ಓದಬೇಕು. ಮೊದಲು ಹೋಗಿ ಬಂದವರಿಂದ ಕೇಳಿ, ಅಂಕಿಗಳನ್ನು ಮಗ್ಗಿಯ ಹಾಗೆ ಬಾಯಿಪಾಠ ಮಾಡಿಕೊಂಡು ಹೋದರು. ಡಾಕ್ಟರು ಪುಸ್ತಕವನ್ನು ಹಿಂದಿನ ಪುಟದಿಂದ ತೆರೆದರು. ಭಾವ ಒಂದನ್ನೂ ಬಿಡದೆ ಎಲ್ಲ ತಪ್ಪು ಹೇಳಿ ಬಂದರು.

ಪರ್ಮಿಟ್ ಸಿಗಲಿಲ್ಲ, ಕೆಲಸದ ಸಾಮಾನಿನ ಚೀಲ ಅಟ್ಟಕ್ಕೆ ಹೋಯಿತು. ಭಾವ ಕಿಟಕಿ ಪಕ್ಕ ಕೂತರು, ಊಟಕ್ಕೆ ಕರೆದರೂ ಏಳರು. ಅಕ್ಕ ಹೇಳದೆ ಕೇಳದೆ ವೈರಿಂಗ್ ಕಲಿಸುವ ಸಂಜೆಯ ತರಗತಿಗೆ ಸೇರಿದಳು, ಒಬ್ಬ ಗುತ್ತಿಗೆದಾರರ ಕೈಕೆಳಗೆ ದುಡಿದಳು, ತನ್ನ ಹೆಸರಿಗೇ ಪರ್ಮಿಟ್ ತಂದಳು. ಅವಳ ಉಸ್ತುವಾರಿಯಲ್ಲಿ ಭಾವ ಕೆಲಸ ಮಾಡಬಹುದಿತ್ತು. ಕೆಲಸಕ್ಕೆ ಇಳಿದರು, ಆದರೆ ಮುಖ ಊದಿಸಿಕೊಂಡು.

"ನಿನ್ನ ಗಂಟೂ ಬೇಡ, ಗಿಂಟೂ ಬೇಡ. ಪಳಗಿದ ಕೈ ಇದು" ಅಂದರು.

ಮೊದಲ ಮನೆ ಮುಗಿಯಿತು. ಸಹಿ ಹಾಕುವ ಮೊದಲು ಅಕ್ಕ ಒಂದೊಂದೇ ಪಾಯಿಂಟ್ ಬಿಚ್ಚಿ ನೋಡುತ್ತ ಬಂದಳು. ನಾನು ಟಾರ್ಚ್ ಹಿಡಿದಿದ್ದೆ. ಬಚ್ಚಲಮನೆಯ ಗೀಸರ್ ಪಾಯಿಂಟಿನ ಮುಂದೆ ನಿಂತುಬಿಟ್ಟಳು.

"ರೀ, ಇಲ್ಲಿ ಬನ್ನಿ."

"ಏನೀಗ?"

"ಅರ್ತ್ ಜಾಗದಲ್ಲಿ ಕೆಂಪು ವೈರ್ ಕೂತಿದೆ. ಗೀಸರ್ ಹಾಕಿದ ದಿನ ನಲ್ಲಿ ಮುಟ್ಟಿದೋರು ಮತ್ತೆ ಏಳ್ತಿರಲಿಲ್ಲ."

ಭಾವ ಆ ವೈರನ್ನು ಬೆರಳಲ್ಲಿ ಸವರಿದರು. ಸವರಲು ಅಲ್ಲಿ ಗಂಟೇ ಇರಲಿಲ್ಲ. ಮುಖ ಬಿಳಿಚಿಕೊಂಡಿತು. ಅವತ್ತು ಅವರನ್ನು ಕಂಡು ನನಗೆ ಕೋಪ ಬರಲಿಲ್ಲ, ಅಯ್ಯೋ ಅನ್ನಿಸಿತು.

ಅಷ್ಟರಲ್ಲಿ ಮನೆ ಮಾಲೀಕರು ಬಾಗಿಲಿಗೆ ಬಂದು "ಎಲ್ಲ ಸರಿಯಾಯ್ತಾ, ಯಜಮಾನ್ರೇ?" ಎಂದು ಭಾವನನ್ನು ಕೇಳಿದರು.

"ನನ್ನ ಕೇಳ್ಬೇಡಿ, ಇವಳನ್ನ ಕೇಳಿ" ಅಂದರು ಭಾವ. "ನನಗೆ ಬಣ್ಣ ಕಾಣಲ್ಲ. ಇಷ್ಟು ವರ್ಷ ಗಂಟು ಹಾಕಿ ನನ್ನ ಕೆಲಸ ನಡೆಸಿದೋಳು ಇವಳು."

ಅಕ್ಕ ಸಹಿ ಹಾಕಲಿಲ್ಲ. "ನಾಳೆ ಎಲ್ಲ ಬಿಚ್ಚಿ ಮತ್ತೆ ನೋಡ್ತೀವಿ" ಅಂದಳು.

ಮರುದಿನ ಬೆಳಗ್ಗೆ ಭಾವ ದಾರದ ಉಂಡೆಯನ್ನು ಹುಡುಕಿ ತಂದು, ಅಡುಗೆಮನೆ ನೆಲದ ಮೇಲೆ ಅಕ್ಕನ ಎದುರು ಕೂತರು.