ಮೂರು ಸಾಫ್ಟ್‌ವೇರ್, ಎರಡು ಮಾರು

ಕೊಳ್ಳೇಗಾಲದ ನಮ್ಮ ಮನೆಯ ಹಳೇ ಕಂಪ್ಯೂಟರಿಗೆ ಒಂದು ಗಣಿತದ ಸಾಫ್ಟ್‌ವೇರ್ ಹುಡುಕುವುದರಲ್ಲೇ ನನ್ನ ದಸರಾ ರಜೆಯೆಲ್ಲ ಹಾಳಾಯಿತು. ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುವವಳು ಎಂಬ ಒಂದೇ ತಪ್ಪಿಗೆ ಈ ಕೆಲಸ ನನ್ನ ಕೊರಳಿಗೆ ಬಿದ್ದಿತ್ತು. ಅಗರದ ನಾಲೆ ಪಕ್ಕದ ಗದ್ದೆಯನ್ನು ಅಪ್ಪ, ಚಿಕ್ಕಪ್ಪ ಭಾಗ ಮಾಡಿಕೊಂಡಿದ್ದರು. ನಾಲೆಯ ಕಡೆ ಬದು ಸೊಟ್ಟ. ಸರಿಪಾಲು ಆಗಿಲ್ಲವೆಂಬ ಅನುಮಾನ ಅಪ್ಪನಿಗೆ. ಅದಕ್ಕೇ ಇಬ್ಬರೂ ಮಾತು ಬಿಟ್ಟಿದ್ದರು. ಸರ್ವೆಯವರನ್ನು ಕರೆಸಿದರೆ ಊರಿಗೆಲ್ಲ ಗೊತ್ತಾಗುತ್ತದೆಂದು, ಅವರವರ ಭಾಗವನ್ನು ಅವರವರೇ ಹಗ್ಗದಲ್ಲಿ ಅಳೆದು, ಎರಡು ಕೈ ಚಾಚಿದಷ್ಟು ಉದ್ದಕ್ಕೆ ಒಂದು ಮಾರಿನಂತೆ ಲೆಕ್ಕ ಬರೆದು, ವಿಸ್ತೀರ್ಣ ತೆಗೆಯಲೆಂದು ನನಗೆ ಕೊಟ್ಟಿದ್ದರು.

ಮೊದಲನೆಯ ಸಾಫ್ಟ್‌ವೇರಿಗೆ ಇಂಟರ್‌ನೆಟ್ ಬೇಕು. ನಮ್ಮ ಬೀದಿಯಲ್ಲಿ ಕರೆಂಟು ಹೋದರೆ ಅದೂ ಹೋಗುತ್ತದೆ. ಎರಡನೆಯದು ಹೆಸರುವಾಸಿ, ಮೂವತ್ತು ದಿನ ಪುಕ್ಕಟೆ. ಅದು ತೆರೆದುಕೊಳ್ಳುವಷ್ಟರಲ್ಲಿ ಸಾರಿಗೆ ಒಗ್ಗರಣೆ ಹಾಕಿ ಬರಬಹುದು. ಮೂರನೆಯದು ಪೂರಾ ಪುಕ್ಕಟೆ, ಆದರೆ ಒಂದು ಕಾಮಾ ಬಿಟ್ಟರೆ ಪರದೆ ತುಂಬ ಕೆಂಪಕ್ಷರ. ಮಕ್ಕಳ ಉತ್ತರಪತ್ರಿಕೆಗೂ ನಾನು ಅಷ್ಟು ಕೆಂಪು ಹಾಕಿದವಳಲ್ಲ. ಬೈದುಕೊಂಡೇ ಮೂರರಲ್ಲೂ ಲೆಕ್ಕ ಹಾಕಿದೆ. ಮೂರೂ ಒಂದೇ ಉತ್ತರ ಕೊಟ್ಟವು: ಚಿಕ್ಕಪ್ಪನ ಭಾಗ ಮೂರು ಗುಂಟೆ ಜಾಸ್ತಿ.

“ನಾ ಏಳ್ನಿಲ್ವಾ? ಮಿಷನ್ನು ಸುಳ್ಳೇಳ್ತದಾ?” ಎಂದು ಅಪ್ಪ ಆಗಲೇ ಚಿಕ್ಕಪ್ಪನಿಗೆ ಫೋನು ಮಾಡಿ ಹಂಗಿಸಿದರು.

ಮಾರನೆಯ ಬೆಳಿಗ್ಗೆ ಚಿಕ್ಕಪ್ಪ ಹಗ್ಗ ಹಿಡಿದುಕೊಂಡೇ ಬಂದರು. “ಕಳ್ಳ ಅನ್ನಿಸ್ಕಂಡು ನಾನಿರಾಕಿಲ್ಲ. ನೋಡ್ ಕೂಸೇ, ಇಂಗೇ ಅಳ್ದಿದ್ದು,” ಎಂದು ನಡುಮನೆಯಲ್ಲಿ ಎರಡೂ ಕೈ ಚಾಚಿ ಹಗ್ಗ ಹಿಡಿದರು.

“ನಾನೂ ಇಂಗೇ ಕಣ್ಲಾ,” ಎಂದು ಅಪ್ಪನೂ ಬಿಡದೆ ಅವರ ಹಿಂದೆ ನಿಂತು ಕೈ ಚಾಚಿದರು. ಅಪ್ಪನ ಕೈ ಎರಡೂ ಕಡೆ ಅಂಗೈಯಗಲ ಮುಂದಿತ್ತು.

ನನಗೆ ಮೈಯೆಲ್ಲ ಉರಿಯಿತು, ನನ್ನ ಮೇಲೆಯೇ. ಒಂದು ಮಾರಿಗೆ ಆರಡಿ ಎಂದು ಅಪ್ಪನ ಅಳತೆಯನ್ನೇ ಇಬ್ಬರಿಗೂ ಟೈಪ್ ಮಾಡಿದ್ದೆ. ಕುಳ್ಳಗಿನ ಚಿಕ್ಕಪ್ಪನ ಮಾರು ಐದೂಕಾಲು ಅಡಿ. ಅಳತೆ ಯಾವುದರಲ್ಲಿದೆ ಮೊದಲು ನೋಡಿ ಎಂದು ವರ್ಷವಿಡೀ ಮಕ್ಕಳ ಮುಂದೆ ಗಂಟಲು ಹರಿದುಕೊಳ್ಳುವವಳು ನಾನು. ಮತ್ತೆ ಕೂತು ಲೆಕ್ಕ ಹಾಕಿದರೆ ಚಿಕ್ಕಪ್ಪನ ಭಾಗವೇ ಕಡಿಮೆ ಬಂತು.

ಚಿಕ್ಕಪ್ಪ ಹಗ್ಗ ಸುತ್ತಿಕೊಳ್ಳುತ್ತಾ, “ಮೂರ್ ಮೂರ್ ಸಾಫ್ಟ್‌ವೇರ್ ಕೇಳ್ದೆ. ನನ್ನ ಒಂದ್ ಮಾತು ಕೇಳ್ಬೋದಿತ್ತಲ್ಲ ಕೂಸೇ,” ಎಂದರು. ಕಾಫಿಗೂ ನಿಲ್ಲಲಿಲ್ಲ.