ಸೀಟಿ ಕೇಳಿದರೆ ನಿಲ್ಲುವ ಕುದುರೆ

ಶಿರಾಕ್ಕೆ ರೈಲು ಬಂತೆಂದು ನಾವು ಐವತ್ತೆಂಟರಲ್ಲೇ ಹಬ್ಬ ಮಾಡಿ ಮುಗಿಸಿದೆವು. ರೈಲು ಬಂದಿರಲಿಲ್ಲ. ಬಂದಿದ್ದು ಸರ್ವೆಯವರು, ಅವರ ಜೀಪು, ಕೆರೆ ಏರಿಯ ಪಕ್ಕ ಅವರು ನೆಟ್ಟ ಒಂದು ಕಲ್ಲು.

ಊರಿನಲ್ಲಿ ರೈಲಿಗೆ ನಿಜವಾಗಿ ತಯಾರಾಗಿದ್ದವನು ಒಬ್ಬನೇ, ಜಟಕಾ ಹೊಡೆಯುವ ಹುಸೇನ್ ಸಾಬ್. ತುಮಕೂರು ಸ್ಟೇಷನ್ನಿನಲ್ಲಿ ಇಂಜಿನ್ ಕೂಗಿಗೆ ಬೆದರಿದ ಕುದುರೆಯೊಂದು ಮದುವೆ ದಿಬ್ಬಣದವರನ್ನು ಚರಂಡಿಗೆ ಕೆಡವಿದ್ದನ್ನು ಅವನು ಕಣ್ಣಾರೆ ಕಂಡಿದ್ದ. ತನ್ನ ಕುದುರೆ ಹಾಗೆ ಮಾನ ಕಳೆಯಬಾರದು, ಶಿರಾ ಸ್ಟೇಷನ್ನಿನ ಮೊದಲ ಬಾಡಿಗೆ ತನ್ನದೇ ಆಗಬೇಕು ಎಂಬುದೊಂದೇ ಅವನ ಆಸೆ. ಸರ್ವೆಯ ಸುದ್ದಿ ಕೇಳಿದ್ದೇ ತಡ, ಸಂತೆಯಿಂದ ತಗಡಿನ ಸೀಟಿ ತಂದ. ದಿನಾ ಬೆಳಿಗ್ಗೆ ಹೆಂಡತಿ ಅಮೀರ್ ಬಿ ಹಿತ್ತಿಲಲ್ಲಿ ಸೀಟಿ ಊದಬೇಕು. ಕುದುರೆ ಅಲ್ಲಾಡದೆ ನಿಂತರೆ ಇವನು ಒಂದು ಹಿಡಿ ಬೇಯಿಸಿದ ಹುರುಳಿ ತಿನ್ನಿಸಬೇಕು. ಮೂರು ತಿಂಗಳಲ್ಲಿ ಕುದುರೆ ಕಲಿಯಿತು. ಅಮೀರ್ ಬಿಗೆ ಕೆನ್ನೆ ನೋವು ಬಂತು.

ಹಬ್ಬದ ದಿನ ಸರ್ವೆ ಸಾಹೇಬರನ್ನು ಜೀಪಿನಿಂದ ಇಳಿಸಿ ಹುಸೇನ್ ಸಾಬನ ಜಟಕಾದಲ್ಲಿ ಮೆರವಣಿಗೆ ಹೊರಡಿಸಿದೆವು. ತೋರಣ, ಬ್ಯಾಂಡು, ಬೂಂದಿ, ಎಲ್ಲ ಇತ್ತು. ಅಂಗಡಿ ರೇಣುಕಯ್ಯನವರು ರೈಲಿಗೆ ಸ್ವಾಗತ ಭಾಷಣ ಓದಿದರು. "ಇದಿನ್ನೂ ಬರೀ ಅಳತೆ" ಎಂದು ಸಾಹೇಬರು ಎರಡು ಸಲ ಹೇಳಿದರು. ಎರಡು ಸಲವೂ ಚಪ್ಪಾಳೆ ತಟ್ಟಿದೆವು. ಅಷ್ಟರಲ್ಲಿ ದೂರದಲ್ಲಿ ಬಾವುಟ ಹಿಡಿದು ನಿಂತವನನ್ನು ಕರೆಯಲು ಸರ್ವೆ ಆಳು ಸೀಟಿ ಊದಿದ. ಬ್ಯಾಂಡಿನವರು ಮುಂದೆ ಹೋದರು, ಕುದುರೆ ಗಕ್ಕನೆ ನಿಂತಿತು. ಹುಸೇನ್ ಸಾಬನ ಮುಖದಲ್ಲಿ ಅಂಥ ಹೆಮ್ಮೆಯನ್ನು ನಾನು ಮತ್ತೆ ಕಾಣಲಿಲ್ಲ.

ರೈಲು ಬರಲಿಲ್ಲ. ಬಸ್ಸುಗಳು ಬಂದವು, ಒಂದೊಂದರಲ್ಲೂ ಸೀಟಿ ಊದುವ ಕಂಡಕ್ಟರು. ಬಾಡಿಗೆ ಸಿಗುವುದು ಬಸ್ ಸ್ಟ್ಯಾಂಡಿನಲ್ಲೇ. ಅಲ್ಲಿ ಪ್ರತಿ ಸೀಟಿಗೂ ಕುದುರೆ ನಿಂತು ಹುರುಳಿಗಾಗಿ ಕತ್ತು ತಿರುಗಿಸುತ್ತಿತ್ತು. ಕೂತವರು ಬೈದುಕೊಂಡು ಇಳಿದು ನಡೆದೇ ಹೋಗುತ್ತಿದ್ದರು. ಹುಸೇನ್ ಸಾಬನ ಮನೆಯಲ್ಲಿ ಒಲೆ ಒಂದೇ ಹೊತ್ತು ಉರಿಯತೊಡಗಿತು.

"ಆ ಚಾಳಿ ಬುಡ್ಸಿ ಸಾಬ್ರೇ, ಹೊಟ್ಟೆಪಾಡು ಹೆಂಗೆ?" ಎಂದ ಪಾವಗಡ ಬಸ್ಸಿನ ಕಂಡಕ್ಟರ್ ಚಿಕ್ಕನರಸಯ್ಯ.

"ಬುಡ್ಸಿಬುಟ್ರೆ, ನಾಳೆ ರೈಲು ಬಂದ್ರೆ ಹೆಂಗಣ್ಣ?" ಎಂದ ಹುಸೇನ್ ಸಾಬ್.

ಚಿಕ್ಕನರಸಯ್ಯ ಮರುದಿನದಿಂದ ಜಟಕಾ ಕಂಡರೆ ಸೀಟಿ ಊದುವುದು ಬಿಟ್ಟು ಬಸ್ಸಿನ ಪಕ್ಕೆಗೆ ಕೈಯಲ್ಲಿ ಬಡಿಯತೊಡಗಿದ. ಉಳಿದ ಕಂಡಕ್ಟರುಗಳೂ ಹಾಗೇ ಮಾಡಿದರು. ನಾನು ನಮ್ಮೂರಿನವರನ್ನು ಹೊಗಳುವವನಲ್ಲ, ಆದರೆ ಅವತ್ತು ನನಗೆ ಕಣ್ಣು ತುಂಬಿ ಬಂತು.

ಆ ಕುದುರೆ ಅರವತ್ತಾರರಲ್ಲಿ ಸತ್ತಿತು. ಹುಸೇನ್ ಸಾಬ್ ಮೂರು ದಿನ ಖಾಲಿ ಲಾಯದ ಮುಂದೆ ಕೂತಿದ್ದ. ಇನ್ನು ಜಟಕಾ ಮಾರುತ್ತಾನೆ, ರೈಲಿನ ಹುಚ್ಚು ಬಿಡುತ್ತದೆ ಎಂದುಕೊಂಡೆವು. ನಾಲ್ಕನೆಯ ದಿನ ಮಧುಗಿರಿಗೆ ಹೋಗಿ ಕಂದು ಬಣ್ಣದ ಎಳೆ ಕುದುರೆಯೊಂದನ್ನು ಹಿಡಿದುಕೊಂಡು ಬಂದ.

ಮರುದಿನ ಬೆಳಿಗ್ಗೆ ಅವರ ಹಿತ್ತಿಲಲ್ಲಿ ಸೀಟಿ ಕೇಳಿಸಿತು. ಅಮೀರ್ ಬಿಗೆ ಮುಂದಿನ ಎರಡು ಹಲ್ಲು ಬಿದ್ದಿದ್ದವು. ಸದ್ದು ಸ್ವಲ್ಪ ಕಡಿಮೆಯಿತ್ತು.