ಬೆಟ್ಟ ಕುಗ್ಗುತ್ತ ಬಂದ ಬಗೆ

ಮೊಬೈಲಿನ ನಕ್ಷೆಯ ಮೇಲೆ ಬೆರಳಾಡಿಸುತ್ತ ಬೆಟ್ಟ ಹತ್ತುವವನಿಗೆ ಏದುಸಿರು ಬರುವುದಿಲ್ಲವೆಂಬುದನ್ನು ನೀವೂ ಗಮನಿಸಿರಬಹುದು. ಬಳ್ಳಾರಿಯ ಗಾಂಧಿನಗರದ ನಮ್ಮ ಮನೆಯಲ್ಲಿ, ಫ್ಯಾನಿನ ಕೆಳಗೆ ಕೂತೇ ನಾನು ಪಶ್ಚಿಮ ಘಟ್ಟದ ತಿರುವುಗಳನ್ನೆಲ್ಲ ಜಯಿಸಿ, ಶಿಖರದಲ್ಲೊಂದು ಡೇರೆಯನ್ನೂ ಹಾಕಿಬಿಟ್ಟಿದ್ದೆ. ಈ ಪರ್ವತಾರೋಹಣದ ಮೂಲ ನನ್ನ ಹೆಂಡತಿ ಸುವರ್ಣಾಳ ಏಕೈಕ ಬೇಡಿಕೆ.

"ಒಂದು ಮುಂಜಾನಿ, ಒಂದೇ ಒಂದು, ಯಾರೂ ನನ್ನ 'ಚಾ ಆತೇನು' ಅಂತ ಕೇಳಬಾರ್ದು ನೋಡ್ರಿ. ಅಂಥಾ ಜಾಗಾ ಎಲ್ಲಿದ್ರೂ ಕರ್ಕೊಂಡು ಹೋಗ್ರಿ."

ನಮ್ಮ ಮನೆಯಲ್ಲಿ ಬೆಳಗಿನ ಮೊದಲ ನಾಮಸ್ಮರಣೆ ಚಹಾದ್ದೇ, ಪ್ರಧಾನ ಭಕ್ತ ನಾನೇ.

ಆಗ ನಮ್ಮ ಸೀಮೆಯವರಷ್ಟೇ ಮಾಡಬಲ್ಲ ತಪ್ಪೊಂದನ್ನು ಮಾಡಿದೆ. ಡೇರೆಯ ಕೆಳಗೆ ಹಾಸಲು ತಾಡಪತ್ರಿ ಬೇಕಿತ್ತು. ಸಿರುಗುಪ್ಪದ ಅಕ್ಕಿ ಗಿರಣಿಯಲ್ಲಿ ಕೆಲಸ ಮಾಡುವ ಅವಳ ತಮ್ಮ ಬಸವರಾಜನಿಗೆ ಫೋನ್ ಮಾಡಿದೆ. ಅಂಗಡಿಯಲ್ಲಿ ಕೊಂಡರೆ ವಸ್ತುವಷ್ಟೇ ಬರುತ್ತದೆ; ಬಂಧುವಿನಿಂದ ತರಿಸಿದರೆ ವಸ್ತುವಿನೊಂದಿಗೆ ಬಂಧುವೂ ಬರುತ್ತಾನೆ.

"ಅಲ್ರೀ ಮಾಮಾ, ಅಷ್ಟು ದೂರ ಯಾಕ? ಸಂಡೂರಾಗ ಗುಡ್ಡ ಇಲ್ಲೇನು? ನಾವೂ ಬರ್ತೀವಿ."

ಮರುದಿನ ಸಂಡೂರೂ ದೂರವಾಯಿತು. ಅವನ ಹೆಂಡತಿ ಗಿರಿಜಾಳಿಗೆ ತಿರುವಿನ ದಾರಿಯೆಂದರೆ ವಾಂತಿಯಂತೆ. "ನಮ್ಮ ಕುರುಗೋಡು ಗುಡ್ಡ ಏನ್ ಪಾಪ ಮಾಡೈತ್ರಿ? ನಿಮಗೂ ಹತ್ರ, ನಮಗೂ ಹತ್ರ," ಎಂದ ಬಸವರಾಜ.

ಹೀಗೆ ಒಂದೊಂದು ಕರೆಗೂ ಬೆಟ್ಟ ಒಂದಿಷ್ಟು ಕುಗ್ಗಿತು. ಸುವರ್ಣಾ ಏನೂ ಅನ್ನಲಿಲ್ಲವೆಂದು ನನ್ನ ನೆನಪು. ಗಂಡನ ನೆನಪಾದ್ದರಿಂದ ಪೂರ್ತಿ ನಂಬಬೇಡಿ.

ಕುರುಗೋಡಿನ ದಾರಿ ಚೆಲುವಾಗಿಯೇ ಇತ್ತು. ಯಾರೋ ಆಡಿ, ಬೇಸರಗೊಂಡು ಬಿಟ್ಟುಹೋದಂತೆ ಒಂದರ ಮೇಲೊಂದು ಕೂತ ಬಂಡೆಗಳು ಸಂಜೆಬಿಸಿಲಿಗೆ ಬೆಲ್ಲದ ಬಣ್ಣ ತಾಳಿದ್ದವು. ಗುಡ್ಡದ ಬುಡದಲ್ಲಿ ಬಸವರಾಜನ ಟೆಂಪೋದಿಂದ ತಾಡಪತ್ರಿ, ಸ್ಟೌ, ಮಂಡಕ್ಕಿ ಚೀಲ, ಚಾಪೆ, ಕೊಡಪಾನ, ಗಿರಿಜಾ, ಕೊನೆಗೆ ಮಂಚವೊಂದು ಇಳಿದವು. ಫೋನಿನಲ್ಲಿ ನಾನು ಕ್ಯಾಂಪೆಂದಿದ್ದೆ. ಸಿರುಗುಪ್ಪದ ಕಡೆ ಕ್ಯಾಂಪೆಂದರೆ ಕಾಲುವೆ ನೀರನ್ನು ನಂಬಿ ಬಂದವರು ಕಟ್ಟಿಕೊಂಡ ಕಾಯಂ ಊರು. ಅವನು ಅದೇ ಅರ್ಥದಲ್ಲಿ ಸಿದ್ಧನಾಗಿ ಬಂದಿದ್ದ. ಡೇರೆಯನ್ನು ಮಾತ್ರ ಸುವರ್ಣಾ ಯಾರಿಗೂ ಬಿಡಲಿಲ್ಲ. ನನಗೆ ಮಂಚ ದಕ್ಕಿತು.

ಬೆಳಿಗ್ಗೆ ಬಂಡೆಗಳ ಮೇಲೆ ಮಂಜು ಕವಿದಿತ್ತು ಎಂದು ಬರೆಯಲು ಆಸೆ. ಅದು ತನ್ನ ಗಂಡ ಹೊತ್ತಿಸಿಟ್ಟ ಸ್ಟೌವಿನ ಹೊಗೆಯೆಂದು ಗಿರಿಜಾ ಸಾಕ್ಷಿ ಹೇಳುತ್ತಾಳೆ. ಕಣ್ಣುಜ್ಜುತ್ತ ಬಸವರಾಜ ಡೇರೆಯ ಮುಂದೆ ನಿಂತು ಕೂಗಿದ.

"ಅಕ್ಕಾ, ಚಾ..."

ನನ್ನ ಬಾಯೂ ಅದೇ ಅಕ್ಷರಕ್ಕೆ ತೆರೆದಿತ್ತು. ಅರ್ಧ ತೆರೆದಿದ್ದ ಡೇರೆಯ ಜಿಪ್ಪು ಒಳಗಿನಿಂದ ಸರ್ರನೆ ಮುಚ್ಚಿತು.

"ಆಕಿ ಇಲ್ಲಪ್ಪಾ," ಎಂದಿತು ಒಳಗಿನ ದನಿ. "ಘಟ್ಟಕ್ಕ ಹೋಗ್ಯಾಳ."

"ಅಕ್ಕಾ, ನೀನಽ ಮಾತಾಡಾಕತ್ತಿ!"

"ಲೇ ಬಸ್ಯಾ, ಇಲ್ಲಂದ್ರ ಇಲ್ಲ. ಅಷ್ಟು ದೂರ ಹೋದಾಕಿ ಲಗೂನ ಹ್ಯಾಂಗ ಬರ್ತಾಳ?"

ಗಿರಿಜಾ ಸೆರಗಿನಲ್ಲಿ ನಗು ಮುಚ್ಚಿಕೊಂಡು ಮತ್ತೆ ಮಲಗಿದಳು. ಗಿರಣಿಯ ಯಂತ್ರಗಳನ್ನೇ ಪಳಗಿಸುವ ಬಸವರಾಜ, ನಕ್ಷೆಯಲ್ಲೇ ಶಿಖರ ಮುಟ್ಟಿದ ನಾನು, ಇಬ್ಬರೂ ಸೇರಿ ಒಂದು ಸ್ಟೌವಿನ ಎದುರು ಕುಕ್ಕರಗಾಲಲ್ಲಿ ಕೂತೆವು. ಹಾಲು ಎರಡು ಸಲ ಉಕ್ಕಿತು, ಸಕ್ಕರೆ ಎರಡು ಸಲ ಬಿತ್ತು. ಒಂದು ಪದರ ಬಟ್ಟೆಯ ಆಚೆ, ಕುಗ್ಗಿ ಕುಗ್ಗಿ ಉಳಿದ ಆ ಬೆಟ್ಟದ ಬುಡದಲ್ಲೇ, ಸುವರ್ಣಾ ಎಷ್ಟು ಎತ್ತರದಲ್ಲಿದ್ದಳೋ ನನಗೆ ತಿಳಿಯದು. ನಮ್ಮ ಗೊಣಗಾಟವಂತೂ ಅಲ್ಲಿಗೆ ಮುಟ್ಟಲಿಲ್ಲ.

ಲೋಟ ಹಿಡಿದು ಜಿಪ್ಪಿನ ಮುಂದೆ ನಿಂತು ಕೆಮ್ಮಿದೆ.

"ಅಲ್ಲೇ ಇಟ್ಟು ಹೋಗ್ರಿ," ಎಂದಿತು ದನಿ. "ಇಳಿದು ಬಂದ ಮ್ಯಾಲೆ ಕುಡೀತಾಳಂತ."